ಉಳಿದುಕೊಂಡವು

“ಉಮ್ಮನಿಗೆ ಉರಿಮೂತ್ರಕ್ಕೆ ನೀವು ಎಂತ ಮಾತ್ರೆ ಕೊಡ್ತಿದ್ದದ್ದು ಅಂಕಲ್? ಡಾಕ್ಟ್ರು ಕೇಳ್ತಿದ್ದಾರೆ.”

ಕೌಂಟರಿನ ಗಾಜಿನ ಮೇಲೆ ಎರಡೂ ಕೈ ಊರಿ ಮರ್ವಾ ಹೀಗೆ ಕೇಳಿದಾಗ ಮೋಹನದಾಸರು ಬೇರೆ ಯಾರಿಗೋ ಬಿಪಿ ಮಾತ್ರೆಯ ಪಟ್ಟಿ ಕತ್ತರಿಸುತ್ತಿದ್ದರು. ಕತ್ತರಿ ಅರ್ಧಕ್ಕೇ ನಿಂತಿತು.

ಕಂಕನಾಡಿ ಮಾರ್ಕೆಟಿನ ಪಕ್ಕ ಅವರು ಔಷಧಿ ಅಂಗಡಿ ತೆರೆದು ಇಪ್ಪತ್ತೆಂಟು ವರ್ಷ ಕಳೆದಿತ್ತು. ಮರ್ವಾಳ ತಾಯಿ ಪಾತುಮ್ಮ ಹಳೇ ಗಿರಾಕಿ. ಶಕ್ತಿನಗರದ ಮನೆಯ ಜಗಲಿಯಲ್ಲಿ ದಿನವಿಡೀ ಕೂತು ಬೀಡಿ ಕಟ್ಟಿ, ಮಗಳನ್ನು ಬಿ.ಎಡ್.ವರೆಗೆ ಓದಿಸಿದ ಹೆಂಗಸು. ವರ್ಷಕ್ಕೆ ನಾಲ್ಕೈದು ಸಲ ಆಕೆಗೆ ಉರಿಮೂತ್ರ ಕಾಡುತ್ತಿತ್ತು. “ಮೋಹನಣ್ಣ, ಆ ಬಿಳಿ ಮಾತ್ರೆ ಎರಡು ಕೊಡಿ, ಸಾಕು. ಜಾಸ್ತಿ ತಿಂದ್ರೆ ನನಗೆ ತಲೆ ತಿರುಗ್ತದೆ,” ಎನ್ನುತ್ತಿದ್ದಳು. ಅದು ಆ್ಯಂಟಿಬಯೋಟಿಕ್, ಐದು ದಿನ ಬಿಡದೆ ತಿನ್ನಬೇಕಾದದ್ದು. ಮೋಹನದಾಸರಿಗೆ ಅದು ಗೊತ್ತಿತ್ತು. ಆದರೂ ಎರಡನ್ನು ಕತ್ತರಿಸಿ ಕಾಗದದಲ್ಲಿ ಸುತ್ತಿ ಕೊಡುತ್ತಿದ್ದರು. ಡಾಕ್ಟರ ಚೀಟಿ ಇವರೂ ಕೇಳಲಿಲ್ಲ, ಅವಳೂ ತರಲಿಲ್ಲ. ಮರುದಿನಕ್ಕೆ ಉರಿ ಇಳಿಯುತ್ತಿತ್ತು. ಪಾತುಮ್ಮ ನಾಲ್ಕು ಜನರ ಎದುರಿಗೆ ಇವರನ್ನು “ನಮ್ಮ ಡಾಕ್ಟ್ರು” ಎಂದು ಕರೆದರೆ, ಬೇಡ ಬೇಡ ಎನ್ನುತ್ತಲೇ ಒಳಗೊಳಗೆ ಹಿಗ್ಗುತ್ತಿದ್ದರು.

ಈಗ ಆಕೆ ಚಳಿಜ್ವರ ಬಂದು ಆಸ್ಪತ್ರೆ ಸೇರಿದ್ದಳು. ಕೌಂಟರಿನ ಮುಂದೆ ಇನ್ನಿಬ್ಬರು ಗಿರಾಕಿಗಳು ನಿಂತಿದ್ದರು. ಚೀಟಿಯಿಲ್ಲದೆ ಔಷಧಿ ಮಾರಿದ್ದಕ್ಕೆ ಆಚೆ ಬೀದಿಯ ಒಂದು ಅಂಗಡಿಯ ಲೈಸೆನ್ಸ್ ಹೋಗಿ ಇನ್ನೂ ತಿಂಗಳಾಗಿರಲಿಲ್ಲ.

“ನಾನೆಂತ ಕೊಡುವುದು ಮಾರಾಯ್ತಿ, ಬರೀ ಜ್ವರದ ಮಾತ್ರೆ,” ಎಂದು ಮೋಹನದಾಸರು ನಕ್ಕರು.

ಮರ್ವಾ ನಂಬಿದಳು. ಮೆಟ್ಟಿಲಿಳಿಯುತ್ತಲೇ ಫೋನಿನಲ್ಲಿ, “ಇಲ್ಲವಂತೆ ಡಾಕ್ಟರ್, ಆ್ಯಂಟಿಬಯೋಟಿಕ್ ಎಂತದ್ದೂ ತಗೊಂಡಿಲ್ಲವಂತೆ,” ಎಂದದ್ದು ಅವರ ಕಿವಿಗೆ ಬಿತ್ತು. ಕೂಗಿ ಕರೆದಿದ್ದರೆ ಕೇಳಿಸುವಷ್ಟೇ ದೂರ. ಅಷ್ಟರಲ್ಲಿ ಬಿಪಿ ಮಾತ್ರೆಯವನು ಕೈಚಾಚಿದ. ಮರ್ವಾ ರಿಕ್ಷಾ ಹತ್ತಿದಳು.

ಮೂರು ದಿನ ಅವರಿಗೆ ಊಟ ರುಚಿಸಲಿಲ್ಲ. ಹೆಂಡತಿ ಶಶಿಪ್ರಭಾ ಕೇಳಿದರೆ ಗ್ಯಾಸ್ ಎಂದರು. ನಾಲ್ಕನೆಯ ದಿನ ಮಧ್ಯಾಹ್ನ ಶಟರ್ ಎಳೆದು ಆಸ್ಪತ್ರೆಗೆ ನಡೆದರು.

ಐಸಿಯುವಿನ ಹೊರಗೆ ಬೆಂಚಿನ ಮೇಲೆ ಮರ್ವಾ ಒಬ್ಬಳೇ ಕೂತಿದ್ದಳು. ಮಡಿಲಲ್ಲಿ ಲ್ಯಾಬಿನ ರಿಪೋರ್ಟು.

“ಮಾಮೂಲಿ ಇಂಜೆಕ್ಷನ್ ಮೂರು ದಿನ ಕೊಟ್ರು ಅಂಕಲ್. ಹಿಡೀಲೇ ಇಲ್ಲ. ನಿನ್ನೆ ರಿಪೋರ್ಟ್ ಬಂದ ಮೇಲೆ ಬೇರೆ ಶುರು ಮಾಡಿದ್ದಾರೆ. ಅಷ್ಟರಲ್ಲಿ ನಂಜು ರಕ್ತಕ್ಕೆ ಸೇರಿತ್ತು. ಕಿಡ್ನಿ ಎರಡೂ ನಿಂತಿದೆ. ಡಯಾಲಿಸಿಸ್ ಮಾಡ್ತಿದ್ದಾರೆ.”

ರಿಪೋರ್ಟನ್ನು ಅವರ ಕೈಗಿತ್ತಳು. ಔಷಧಿಗಳ ಹೆಸರಿನ ಸಾಲು, ಕೊನೆಯ ಒಂದೆರಡನ್ನು ಬಿಟ್ಟು ಪ್ರತಿಯೊಂದರ ಮುಂದೆ ನಾಟುವುದಿಲ್ಲ ಎಂಬ ಗುರುತು. ಬಿಳಿ ಮಾತ್ರೆಯ ಹೆಸರು ಎಲ್ಲಕ್ಕಿಂತ ಮೇಲಿತ್ತು.

“ವಾಮಂಜೂರಿನ ಶಾಲೆಯಲ್ಲಿ ನಾನು ವಿಕಾಸವಾದದ ಪಾಠ ಮಾಡುವುದು,” ಎಂದಳು ಮರ್ವಾ, ಎದುರಿನ ಗೋಡೆ ನೋಡುತ್ತಾ. “ಬೋರ್ಡಿನಲ್ಲಿ ಏಡಿ ಬರೀತೇನೆ. ಕಪ್ಪು ಏಡಿ, ಮರಳಿನ ಬಣ್ಣದ ಏಡಿ. ಕಾಗೆಗೆ ಕಪ್ಪು ಬೇಗ ಕಾಣ್ತದೆ, ಹೆಕ್ಕಿ ತಿಂತದೆ. ಮರಳಿನ ಬಣ್ಣದ್ದು ಉಳೀತದೆ, ಅದೇ ಮರಿ ಹಾಕ್ತದೆ. ಹೀಗೇ ಆಗ್ತಾ ಆಗ್ತಾ ಕಡಲ ಬದಿ ಕಡಪ್ಪುರದಲ್ಲಿ ಇರುವುದು ಪೂರ್ತಿ ಅದೇ. ಯಾವ ಏಡಿಯೂ ಬಣ್ಣ ಬದಲಿಸಲಿಲ್ಲ, ಗುಂಪು ಬದಲಾಯಿತು ಅಂತ ಮಕ್ಕಳಿಗೆ ಹೇಳ್ತೇನೆ. ಉಮ್ಮನ ಒಳಗೆ ಆದದ್ದೂ ಅದೇ; ವರ್ಷಗಟ್ಟಲೆ ಎಲ್ಲಿಂದಲೋ ಅರ್ಧಂಬರ್ಧ ಮದ್ದು ತಿಂದಿದ್ದಾರೆ ಅಂತಾರೆ ಡಾಕ್ಟ್ರು. ಸ್ವಲ್ಪವೇ ಮದ್ದು ಬಿದ್ದಾಗ ಬಲ ಇಲ್ಲದ ರೋಗಾಣು ಸತ್ತವು. ತಡ್ಕೊಂಡ ನಾಲ್ಕು ಉಳಿದವು. ಈಗ ಇರುವುದೆಲ್ಲ ಆ ನಾಲ್ಕರ ಮಕ್ಕಳು, ಮೊಮ್ಮಕ್ಕಳು. ಪಾಠದಲ್ಲಿ ಲಕ್ಷಗಟ್ಟಲೆ ವರ್ಷ ಅಂತೇನೆ. ನಮ್ಮ ಮನೆಯಲ್ಲಿ ಹತ್ತು ಹನ್ನೆರಡು ವರ್ಷ ಸಾಕಾಯ್ತು.”

ಮೋಹನದಾಸರು ರಿಪೋರ್ಟನ್ನು ಮಡಚಿ ಬೆಂಚಿನ ಮೇಲಿಟ್ಟರು. “ಕೊಟ್ಟದ್ದು ನಾನೇ ಮರ್ವಾ. ಎರಡೆರಡೇ ಕೊಟ್ಟದ್ದು. ಅವತ್ತು ನಿನ್ನ ಹತ್ತಿರ ಸುಳ್ಳು ಹೇಳಿದೆ.”

ಸ್ಟ್ರೆಚರ್ ಒಂದು ಅವರ ಕಾಲ ಮುಂದಿನಿಂದ ಹೋಯಿತು.

“ಕೊಟ್ಟದ್ದಕ್ಕೆ ನಾನು ಬೈಯುವುದಿಲ್ಲ,” ಎಂದಳು ಮರ್ವಾ. “ಚಿಕ್ಕವಳಿದ್ದಾಗ ಆ ಪೊಟ್ಟಣ ಎಷ್ಟೋ ಸಲ ಮನೆಗೆ ಒಯ್ದದ್ದು ನಾನೇ. ಒಳಗೆ ಎಂತ ಉಂಟು ಅಂತ ಒಮ್ಮೆಯೂ ನೋಡಲಿಲ್ಲ. ಆದ್ರೆ ಅವತ್ತು ಬಂದು ಕೇಳಿದೆನಲ್ಲ ಅಂಕಲ್. ಗೊತ್ತಾಗಿದ್ರೆ ಡಾಕ್ಟ್ರು ಮೊದಲ ದಿನವೇ ಬೇರೆ ಇಂಜೆಕ್ಷನ್ ಕೊಡ್ತಿದ್ರು.”

ಅವಳ ದನಿ ಏರಲಿಲ್ಲ. ಏರಿದ್ದರೆ ತಡೆದುಕೊಳ್ಳಬಹುದಿತ್ತು ಎನಿಸಿತು ಅವರಿಗೆ.

ಪಾತುಮ್ಮ ಉಳಿದಳು. ಕಿಡ್ನಿ ಮಾತ್ರ ಚೇತರಿಸಲಿಲ್ಲ. ವಾರಕ್ಕೆರಡು ಡಯಾಲಿಸಿಸ್ ಇನ್ನು ತಪ್ಪದೆಂದರು ಡಾಕ್ಟರು. ಚೀಟಿಯಿಲ್ಲದೆ ಬಂದವರನ್ನು ಮೋಹನದಾಸರು ಈಗ ವಾಪಸು ಕಳಿಸುತ್ತಾರೆ. ಬಂದವರು ಗೊಣಗುತ್ತಾ ಮುಂದಿನ ಅಂಗಡಿಗೆ ಹೋಗುತ್ತಾರೆ. ಹೋಗುವವರ ಬೆನ್ನು ನೋಡುವಾಗ, ಇವರಲ್ಲಿ ಎಷ್ಟು ಜನಕ್ಕೆ ತಾನು ಎರಡೆರಡು ಕೊಟ್ಟಿದ್ದೇನೋ ಎಂದು ನೆನಪಿಸಿಕೊಳ್ಳಲು ನೋಡುತ್ತಾರೆ. ನೆನಪಾಗುವುದಿಲ್ಲ.

ಎರಡು ತಿಂಗಳ ನಂತರ ಒಂದು ಮಂಗಳವಾರ ಧೈರ್ಯ ಮಾಡಿ ಅವರು ಡಯಾಲಿಸಿಸ್ ವಾರ್ಡಿನೊಳಗೆ ಹೋದರು. ಮಂಚದ ಮೇಲಿದ್ದ ಪಾತುಮ್ಮ ಇಳಿದು ಅರ್ಧ ಆಗಿದ್ದಳು. ಇವರನ್ನು ಕಂಡದ್ದೇ ತಲೆಯ ಬಟ್ಟೆ ಸರಿಮಾಡಿಕೊಂಡಳು.

“ಬನ್ನಿ ಮೋಹನಣ್ಣ, ಕೂತ್ಕೊಳ್ಳಿ. ಅಂಗಡಿ ಬಿಟ್ಟು ಯಾಕೆ ಬಂದದ್ದು?”

“ಪಾತುಮ್ಮಕ್ಕ, ನನ್ನಿಂದ...”

“ಬಿಡಿ. ಎರಡು ಸಾಕು ಅಂತ ಹೇಳಿದ್ದು ನಾನಲ್ಲವಾ?”

ಅವಳಿಗೆ ಅವರು ಹೇಳಿದ ಸುಳ್ಳಿನ ವಿಷಯ ಗೊತ್ತಿರಲಿಲ್ಲ. ಮರ್ವಾ ತಾಯಿಗೆ ಹೇಳಿರಲಿಲ್ಲ. ಕಿಟಕಿಯ ಹತ್ತಿರ ನಿಂತಿದ್ದ ಮರ್ವಾ ಒಮ್ಮೆ ಅವರನ್ನು ನೋಡಿ ಮುಖ ಹೊರಗೆ ತಿರುಗಿಸಿದಳು. ಹೇಳಬೇಕೆಂದು ಬಂದವರು ಹೇಳಲಾರದೆ ಸ್ಟೂಲಿನ ಮೇಲೆ ಕೂತರು.

“ಬಾಯಾರಿಕೆ ಸಿಸ್ಟರ್,” ಎಂದಳು ಪಾತುಮ್ಮ.

ನರ್ಸ್ ಡುಲ್ಸಿನ್ ಚಿಕ್ಕ ಲೋಟದಲ್ಲಿ ಅಳೆದು ನೀರು ತಂದಳು. “ಇವತ್ತಿಗೆ ಇಷ್ಟೇ ಅಮ್ಮ, ಜಾಸ್ತಿ ಕುಡಿದ್ರೆ ನೀರು ಮೈಯಲ್ಲೇ ನಿಲ್ತದೆ. ಸ್ವಲ್ಪ ಸ್ವಲ್ಪ ಕುಡೀಬೇಕು.”

ಸೂಜಿ ಚುಚ್ಚಿದ ಕೈಯನ್ನು ಪಾತುಮ್ಮ ಅಲ್ಲಾಡಿಸುವ ಹಾಗಿರಲಿಲ್ಲ, ಇನ್ನೊಂದರಲ್ಲಿ ಲೋಟ ಹಿಡಿಯುವಷ್ಟು ಬಲವಿರಲಿಲ್ಲ. ಮೋಹನದಾಸರು ಲೋಟವನ್ನು ಅವಳ ತುಟಿಗೆ ಹಿಡಿದರು. ಒಂದೇ ಗುಟುಕು ತೆಗೆದುಕೊಂಡು, ಅವಳು ಕಣ್ಣು ಮುಚ್ಚಿ, ನುಂಗದೆ, ಅದನ್ನು ಬಾಯಿಯೊಳಗೇ ಇಟ್ಟುಕೊಂಡಳು.