ರಂಗೋಲಿ ಡಬ್ಬಿಯಲ್ಲಿ ಬಂದ ಪುಡಿ

ಮಾನ್ಯಾಳ ಕೈ ಮೇಲೆ ಕೆಂಪು ಗುಳ್ಳೆಗಳು ಎದ್ದಾಗ ಲತಾಶ್ರೀ ಮೊದಲು ಸೊಳ್ಳೆಯನ್ನು ಬೈದಳು. ಆಮೇಲೆ ಹೊಸ ಸೋಪನ್ನು ಬೈದಳು. ಗುಳ್ಳೆಗಳು ಇರುವೆ ಸಾಲಿನ ಹಾಗೆ ಒಂದರ ಹಿಂದೆ ಒಂದು ಮೂಡತೊಡಗಿದ ಮೇಲೆ, ಅತ್ತೆ ದೇವಮ್ಮ ಮೊಮ್ಮಗಳ ತೋಳನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು.

"ಸೊಳ್ಳೆನೂ ಅಲ್ಲ, ಸೋಪೂ ಅಲ್ಲ. ಇದು ತಿಗಣೆ ಕಣಮ್ಮ."

"ಅಮೆರಿಕದಲ್ಲಿ ತಿಗಣೆನಾ ಅತ್ತೆ?"

"ಯಾಕೆ, ಅದಕ್ಕೇನು ವೀಸಾ ಬೇಕಾ?"

ಹಾಸಿಗೆಯ ಅಂಚಿನ ಹೊಲಿಗೆ ಬಿಡಿಸಿ ನೋಡಿದರೆ, ಅಲ್ಲೇ ಇದ್ದವು. ಕಂದು ಬಣ್ಣದ, ಸೇಬಿನ ಬೀಜದಂಥ ಹುಳುಗಳು. ಲತಾಶ್ರೀ ಮಗಳನ್ನು ಎತ್ತಿಕೊಂಡು ಹಿಂದೆ ಸರಿದಳು.

ಲತಾಶ್ರೀಯ ಗಂಡ ಸುರೇಶ ಕೆಲಸ ಮಾಡುತ್ತಿದ್ದ ಕಂಪನಿ ಹಿಂದಿನ ವರ್ಷ ಬಾಗಿಲು ಮುಚ್ಚಿತ್ತು. ಹೇಗೋ ಇನ್ನೊಂದು ಕಾಂಟ್ರ್ಯಾಕ್ಟ್ ಸಿಕ್ಕಿ, ದೊಡ್ಡ ಮನೆ ಬಿಟ್ಟು ಮಿಷಿಗನ್ನಿನ ವಿಕ್ಸಮ್‌ ಊರಿನ ಈ ಸಣ್ಣ ಅಪಾರ್ಟ್‌ಮೆಂಟಿಗೆ ಬಂದಿದ್ದರು. ಆ ವರ್ಷಗಳಲ್ಲಿ ನಮ್ಮವರಲ್ಲಿ ಒಂದು ಪದ್ಧತಿಯೇ ಬೆಳೆದಿತ್ತು. ಕೆಲಸ ಹೋಗಿ ಊರಿಗೆ ಹೊರಟವರು ತಮ್ಮ ಮಂಚ, ಸೋಫಾ, ಕುಕ್ಕರುಗಳನ್ನು ಉಳಿದವರ ಮನೆಗೆ ಹಂಚಿ ಹೋಗುತ್ತಿದ್ದರು. ಈ ಮಂಚವೂ ಹಾಗೆ ಬಂದದ್ದು. ಕೊಟ್ಟವರು ಒಳ್ಳೆಯ ಮನಸ್ಸಿನಿಂದ ಕೊಟ್ಟರು, ತಂದವರೂ ಒಳ್ಳೆಯ ಮನಸ್ಸಿನಿಂದಲೇ ತಂದರು. ತಿಗಣೆ ಮಾತ್ರ ಯಾರ ಮನಸ್ಸನ್ನೂ ಕೇಳದೆ ಬಂದಿತ್ತು.

"ಅಪಾರ್ಟ್‌ಮೆಂಟ್ ಆಫೀಸಿಗೆ ಹೇಳ್ಬಿಡೋಣ" ಎಂದಳು ಲತಾಶ್ರೀ.

ಸುರೇಶ ತಲೆ ಅಡ್ಡಡ್ಡ ಆಡಿಸಿದ. "ಬೇಡ. ಇಂಡಿಯನ್ಸ್ ಗಲೀಜು ಅಂತಾರೆ. ಮನೆ ಖಾಲಿ ಮಾಡಿ ಅಂದ್ರೆ ಈಗ ಎಲ್ಲಿಗೆ ಹೋಗೋದು?"

"ಶುಕ್ರವಾರ ವರಮಹಾಲಕ್ಷ್ಮಿಗೆ ಎಲ್ಲರನ್ನೂ ಕರೆದಿದೀವಲ್ಲ."

"ಅದಕ್ಕೇ ಯಾರ ಕಿವಿಗೂ ಬೀಳೋದು ಬೇಡ ಅಂದಿದ್ದು."

"ಸುಮ್ಮನಿರಿ ಇಬ್ಬರೂ" ಎಂದರು ದೇವಮ್ಮ. "ನನ್ನ ಹತ್ರ ಔಷಧಿ ಇದೆ."

ಸುರೇಶ ಕೆಲಸಕ್ಕೆ ಹೋದ ಮೇಲೆ ಸೂಟ್‌ಕೇಸಿನ ತಳದಿಂದ ಅವರು ಒಂದು ಪ್ಲಾಸ್ಟಿಕ್ ಡಬ್ಬಿ ತೆಗೆದರು. ಜಿರಳೆಗೆ ಬೇಕಾದೀತೆಂದು ಮೈಸೂರಿನ ಅಂಗಡಿಯೊಂದರಲ್ಲಿ ತೂಗಿಸಿ, ಪೊಟ್ಟಣ ಕಟ್ಟಿಸಿ ತಂದ ಬಿಳಿ ಪುಡಿ. ವಿಮಾನ ನಿಲ್ದಾಣದಲ್ಲಿ ಯಾರಾದರೂ ಕೇಳಿದರೆ ಏನು ಗತಿ ಎಂದು ಅದನ್ನು ರಂಗೋಲಿ ಡಬ್ಬಿಗೆ ಸುರಿದಿದ್ದರು. ಮುಚ್ಚಳದ ಮೇಲೆ ಈಗಲೂ ಚೆಂದದ ಅಕ್ಷರದಲ್ಲಿ 'ರಂಗೋಲಿ' ಎಂದೇ ಇತ್ತು. ಪುಡಿಯನ್ನು ಹಾಸಿಗೆಯ ಸುತ್ತ ಉದುರಿಸಿ, ಉಳಿದ ಪುಡಿಯಿದ್ದ ಡಬ್ಬಿಯನ್ನು ಮಂಚದ ಕೆಳಗೆ ತಳ್ಳಿದರು.

ಗುಳ್ಳೆಗಳು ಮಾತ್ರ ಕಡಿಮೆಯಾಗಲಿಲ್ಲ.

ಶುಕ್ರವಾರ ಬೆಳಿಗ್ಗೆ ಹತ್ತಿರದ ನಾರ್ತ್‌ವಿಲ್ ಊರಿನಿಂದ ಗೆಳತಿ ಪ್ರಭಾ ಸಹಾಯಕ್ಕೆಂದು ಬೇಗನೇ ಬಂದಳು. ಗಂಡನ ಕೆಲಸದ ಜೊತೆ ಬೆಲ್ಜಿಯಂನಿಂದ ಮಿಷಿಗನ್‌ಗೆ ಬಂದವಳು ಆಕೆ. ಅಲ್ಲಿ ಒಳ್ಳೆಯ ಹುದ್ದೆಯಲ್ಲಿದ್ದಳು. ಇಲ್ಲಿನ ವೀಸಾದಲ್ಲಿ ಕೆಲಸ ಮಾಡುವ ಹಾಗಿರಲಿಲ್ಲ.

ಲತಾಶ್ರೀ ಕಾಯಿ ಹೋಳಿಗೆ ಬೇಯಿಸುತ್ತ, "ಪ್ರಭಾ, ಕಲಶದ ಮುಂದೆ ಒಂದು ಚಿಕ್ಕ ರಂಗೋಲಿ ಎಳೆದುಬಿಡ್ತೀಯಾ? ಡಬ್ಬಿ ಪೂಜೆ ಸಾಮಾನಿನ ಜೊತೆಗಿದೆ" ಎಂದಳು.

ಡಬ್ಬಿ ಅಲ್ಲೇ ಇತ್ತು. ಆದರೆ ಅದರ ಮುಚ್ಚಳ ಆಗಲೇ ತೆರೆದಿತ್ತು. ಮಾನ್ಯಾ ನೆಲದ ಮೇಲೆ ಕುಳಿತು, ಬಿಳಿ ಪುಡಿಯಲ್ಲಿ ಬೆರಳಾಡಿಸುತ್ತಿದ್ದಳು.

"ಲುಕ್ ಆಂಟಿ, ಸ್ನೋ."

ಪ್ರಭಾ ನಗುತ್ತ ಬಗ್ಗಿದಳು. ನಗು ಅರ್ಧಕ್ಕೇ ನಿಂತಿತು. ಘಾಟು ವಾಸನೆ. ರಂಗೋಲಿಗೆ ವಾಸನೆ ಇರುವುದಿಲ್ಲ. ಅವಳು ಮಗುವಿನ ಮಣಿಕಟ್ಟು ಹಿಡಿದಳು.

"ಲತಾ, ಇದು ಏನು?"

ಲತಾಶ್ರೀ ಓಡಿ ಬಂದಳು. ಮಗಳ ಬೆರಳ ತುದಿ ಒದ್ದೆಯಾಗಿತ್ತು. ಬಾಯಿಗೆ ಹಾಕಿದ್ದಳೋ ಇಲ್ಲವೋ, ನೋಡಿದವರು ಯಾರೂ ಇರಲಿಲ್ಲ.

ಹಿಂದಿನ ಸಂಜೆ ಮನೆ ಒಪ್ಪ ಮಾಡುವಾಗ ಸುರೇಶ ಮಂಚದ ಕೆಳಗಿನ ಡಬ್ಬಿಯನ್ನು ಎತ್ತಿ, ಮುಚ್ಚಳ ಓದಿ, ಕುಂಕುಮ ಅರಿಶಿನದ ಪಕ್ಕ ಇಟ್ಟಿದ್ದ. ಅವನ ತಪ್ಪೇನು? ಓದಲು ಬರುವ ಯಾರಾದರೂ ಅಲ್ಲೇ ಇಡುತ್ತಿದ್ದರು.

ಪ್ರಭಾ ಮಗುವಿನ ಬಟ್ಟೆ ತೆಗೆಸಿ, ಬಾಯಿ ಒರೆಸಿ, ಕೈಮೈಗೆ ಸೋಪು ಹಾಕಿ ತೊಳೆಯತೊಡಗಿದಳು. ಲತಾಶ್ರೀ ವಿಷದ ಸಹಾಯವಾಣಿಗೆ ಫೋನ್ ಮಾಡಿದಳು. ಆ ಕಡೆಯ ಹೆಂಗಸಿನ ದನಿ ಶಾಂತವಾಗಿತ್ತು. ಪುಡಿಯ ಹೆಸರೇನು ಎಂದು ಕೇಳಿದಳು.

ಲತಾಶ್ರೀ ಅತ್ತೆಯ ಕಡೆ ನೋಡಿದಳು. "ಅತ್ತೆ, ಹೆಸರು?"

"ಹುಳದ ಪುಡಿ ಅಂತ ಕೇಳ್ದೆ, ಕೊಟ್ಟ."

"ಡಬ್ಬಿ ಮೇಲೆ ಏನು ಬರೆದಿದೆ ಅಂತ ಕೇಳ್ತಿದಾರೆ."

ಡಬ್ಬಿಯ ಮೇಲೆ ಏನು ಬರೆದಿದೆ ಎಂದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಯಾವ ವಿಷ ಎಂದು ತಿಳಿಯದಿದ್ದರೆ ಆಸ್ಪತ್ರೆಗೆ ಕರೆದೊಯ್ಯುವುದೇ ಸರಿ ಎಂದಳು ಫೋನಿನ ಹೆಂಗಸು. ಎಮರ್ಜೆನ್ಸಿಯಲ್ಲಿ ಡಾಕ್ಟರ್ ಕೇಳಿದ್ದೂ ಅದೇ ಪ್ರಶ್ನೆ. ಹೆಸರು ಗೊತ್ತಿದ್ದರೆ ಏನನ್ನು ಗಮನಿಸಬೇಕೆಂದು ತಿಳಿಯುತ್ತಿತ್ತು. ಗೊತ್ತಿಲ್ಲವಲ್ಲ, ಎಲ್ಲವನ್ನೂ ಗಮನಿಸುತ್ತ ಕಾಯಬೇಕು. ಲತಾಶ್ರೀ ಮಗಳ ಉಸಿರನ್ನೇ ನೋಡುತ್ತ ಕುಳಿತಳು. ಮಾನ್ಯಾ ಆಪಲ್ ಜ್ಯೂಸ್ ಬೇಕೆಂದು ಹಟ ಮಾಡಿದಾಗ, ಅಷ್ಟು ಹೊತ್ತು ತಡೆದಿದ್ದ ಅಳು ಅವಳಿಗೆ ಬಂದುಬಿಟ್ಟಿತು.

ಸಂಜೆಯ ಹೊತ್ತಿಗೆ ಮಗುವಿಗೆ ಏನೂ ಆಗಿಲ್ಲವೆಂದು ಡಾಕ್ಟರ್ ಮನೆಗೆ ಕಳಿಸಿದರು. ಪುಡಿ ಇದ್ದ ಮನೆಗೆ ಮಗು ಬೇಡವೆಂದು ಪ್ರಭಾ ತನ್ನ ಮನೆಯ ಹಿಂದಿನ ಮರದ ಜಗಲಿಯಂಥ ಡೆಕ್ಕಿನಲ್ಲಿ ಎಲ್ಲರನ್ನೂ ಕೂರಿಸಿ ಮೊಸರನ್ನ ಬಡಿಸಿದಳು. ತಿಗಣೆಯ ಕಥೆ ಈಗ ಅವಳಿಗೂ ಗೊತ್ತಾಗಿತ್ತು. ಆಕೆ ಮುಖ ಸಿಂಡರಿಸಲಿಲ್ಲ. ತಿಗಣೆ ಇದ್ದರೆ ಸಾಯಲೆಂದು ಎಲ್ಲರ ಬಟ್ಟೆಯನ್ನೂ ಸುಡುವಷ್ಟು ಬಿಸಿ ಡ್ರೈಯರಿಗೆ ಹಾಕಿದ್ದಳು, ಅಷ್ಟೇ.

"ನಮ್ಮ ಕಾಲದಲ್ಲಿ ಇದೇ ಪುಡೀಲೇ ಸಂಸಾರ ಮಾಡಿದ್ವಿ" ಎಂದರು ದೇವಮ್ಮ. ದನಿಯಲ್ಲಿ ಮೊದಲಿನ ಗತ್ತಿರಲಿಲ್ಲ.

"ಆಂಟಿ, ಇದರಿಂದ ತಿಗಣೆ ಸತ್ತವಾ?" ಪ್ರಭಾ ಕೇಳಿದಳು.

ಸುರೇಶನೇ ಹೇಳಿದ. "ಎಲ್ಲಿ? ಬ್ಯಾಗ್ ತರೋಕೆ ಹೋದಾಗ ನೋಡಿದೆ. ಮೈಗೆಲ್ಲ ಪೌಡರ್ ಹಾಕ್ಕೊಂಡು ಮದುವೆಗೆ ಹೊರಟ ಹಾಗೆ ಓಡಾಡ್ತಿವೆ."

"ಎಷ್ಟೋ ಹಳೇ ಔಷಧಿಗೆ ಅವು ಒಗ್ಗಿಹೋಗಿವೆ" ಎಂದಳು ಪ್ರಭಾ. "ತಿಗಣೆಗೆ ಏನೂ ಆಗಲ್ಲ, ಮಗುವಿಗೆ ಆಗುತ್ತೆ. ಬೆಲ್ಜಿಯಂನಲ್ಲಿ ನನ್ನ ಕೆಲಸವೇ ಇದಾಗಿತ್ತು ಆಂಟಿ. ಯುರೋಪಲ್ಲಿ ಹುಳ ಕೊಲ್ಲೋ ಔಷಧಿ ಮಾರ್ಬೇಕಾದ್ರೆ, ಅದು ಮನುಷ್ಯರಿಗೆ, ಪ್ರಾಣಿಗೆ, ನೀರಿಗೆ ಏನು ಮಾಡುತ್ತೆ ಅಂತ ತೋರಿಸಿ ಒಪ್ಪಿಗೆ ತಗೋಬೇಕು. ಕೆಲವನ್ನು ತರಬೇತಿ ಆದೋರಿಗೆ ಬಿಟ್ಟು ಬೇರೆಯೋರಿಗೆ ಕೊಡೋ ಹಾಗಿಲ್ಲ. ಇಲ್ಲಿ ಕಾನೂನು ಬೇರೆ, ಉದ್ದೇಶ ಒಂದೇ. ಔಷಧಿಗೆ ನೋಂದಣಿ ಬೇಕು, ದುಡ್ಡು ತಗೊಂಡು ಮನೆಮನೆಗೆ ಹೊಡೆಯೋರಿಗೆ ಲೈಸೆನ್ಸ್ ಬೇಕು."

"ತಿಗಣೆ ಕೊಲ್ಲೋಕೂ ಪರೀಕ್ಷೆ ಪಾಸಾಗ್ಬೇಕಾ?"

"ಬಸ್ ಓಡಿಸೋನಿಗೆ ಕೇಳಲ್ವಾ ಆಂಟಿ?"

ದೇವಮ್ಮ ಮಾನ್ಯಾಳ ತಟ್ಟೆಗೆ ಇನ್ನಷ್ಟು ಮೊಸರನ್ನ ಹಾಕಿದರು.

"ಆಫೀಸಿನವರು ಖಾಲಿ ಮಾಡಿಸಿದ್ರೆ?" ಎಂದ ಸುರೇಶ.

"ಮುಚ್ಚಿಟ್ರೆ ಗೋಡೆ ಸಂದೀಲಿ ಪಕ್ಕದ ಮನೆಗೆ ಹೋಗುತ್ತೆ. ಆಗ ಹೆಚ್ಚು ಕಷ್ಟ. ನಾನೂ ಜೊತೆಗೆ ಬರ್ತೀನಿ ನಡೀರಿ" ಎಂದಳು ಪ್ರಭಾ.

ಸುರೇಶ ಬಾಯಿ ತೆರೆಯುವ ಮೊದಲೇ ಲತಾಶ್ರೀ ಎದ್ದು ಚಪ್ಪಲಿ ಮೆಟ್ಟಿದಳು. "ನೀವು ಬರದಿದ್ರೂ ನಾನು ಹೇಳ್ತೀನಿ."

ಅಪಾರ್ಟ್‌ಮೆಂಟಿನ ಮ್ಯಾನೇಜರ್ ಗದರಲಿಲ್ಲ. ಈ ಬೇಸಿಗೆಯಲ್ಲಿ ನೀವೇ ಮೊದಲಿನವರಲ್ಲ, ಬೇಗ ಹೇಳಿದ್ದು ಒಳ್ಳೆಯದಾಯಿತು ಎಂದ. ಲೈಸೆನ್ಸ್ ಇರುವ ಕಂಪನಿಯವರು ಬಂದು ಮೊದಲು ಆ ಬಿಳಿ ಪುಡಿಯನ್ನು ಸರಿಯಾದ ಉಪಕರಣದಿಂದ ತೆಗೆದರು. ಬಟ್ಟೆಬರೆಯೆಲ್ಲ ಬಿಸಿ ಡ್ರೈಯರಿಗೆ ಹೋಯಿತು. ಕೋಣೆಯನ್ನೇ ನೂರಿಪ್ಪತ್ತು ಡಿಗ್ರಿ ಫ್ಯಾರನ್‌ಹೀಟ್‌ಗೂ ಮೇಲೆ ಕಾಯಿಸಿದರು. ಸಂದಿಗಳಿಗೆ ಹಾಕಿದ ಔಷಧಿಯ ಹೆಸರು ಬರೆದುಕೊಟ್ಟರು, ಮಗು ಯಾವಾಗ ಒಳಗೆ ಬರಬಹುದು ಎಂದು ಹೇಳಿದರು, ಮತ್ತೆ ಪರೀಕ್ಷಿಸಲು ಬಂದರು. ರಂಗೋಲಿ ಡಬ್ಬಿಯನ್ನು ಸುರೇಶ ಕಸದ ಬುಟ್ಟಿಗೆ ಎಸೆಯದೆ, ನಗರಾಡಳಿತದವರು ಅಪಾಯದ ಕಸ ತೆಗೆದುಕೊಳ್ಳುವ ಜಾಗಕ್ಕೆ ಡ್ರೈವ್ ಮಾಡಿ ಕೊಟ್ಟುಬಂದ.

ಪೂಜೆ ನಿಲ್ಲಲಿಲ್ಲ. ಶ್ರಾವಣದಲ್ಲಿ ಶುಕ್ರವಾರಕ್ಕೇನು ಬರ. ಆದರೆ ಕರೆದವರಿಗೆಲ್ಲ ಆಸ್ಪತ್ರೆಯಿಂದ ಬರಬೇಡಿ ಎಂದಷ್ಟೇ ತಿಳಿಸಿದ್ದರು, ಮುಂದಕ್ಕೆ ಹಾಕಿದ ಕಾರಣ ಇನ್ನೂ ಹೇಳಬೇಕಿತ್ತು. ಮಗುವಿಗೆ ಜ್ವರ ಎಂದುಬಿಡೋಣ ಎಂದು ಸುರೇಶ ಅಂದಿದ್ದ. ದೇವಮ್ಮ ಒಪ್ಪಲಿಲ್ಲ. "ಒಂದು ಡಬ್ಬಿ ಮೇಲೆ ಸುಳ್ಳು ಬರೆದಿಟ್ಟಿದ್ದು ಸಾಕು" ಎಂದು ತಾವೇ ಫೋನ್ ತೆಗೆದುಕೊಂಡು, ಕರೆದವರಲ್ಲಿ ಮೊದಲಿಗೆ ಅನುಗೆ ಹಚ್ಚಿದರು.

"ಅನು, ನಾನು ದೇವಮ್ಮ. ನಮ್ಮನೇಲಿ ತಿಗಣೆ ಆಗಿತ್ತು ಕಣಮ್ಮ. ಅದಕ್ಕೇ ಪೂಜೆ ಮುಂದಕ್ಕೆ ಹಾಕಿದ್ದು."

ಲತಾಶ್ರೀ ಕಿವಿಯನ್ನು ಫೋನಿನ ಹತ್ತಿರ ತಂದಳು.

"ಆಂಟಿ," ಎಂದಿತು ಸಣ್ಣ ದನಿ, "ನಮ್ಮನೇಲೂ ಇದೆ. ಯಾರಿಗೂ ಹೇಳಿಲ್ಲ. ಊರಿಂದ ತಂದ ಪುಡಿ ಹಾಕಿದೀನಿ."

"ಮಕ್ಕಳೆಲ್ಲಿ?"

"ಆಟ ಆಡ್ತಿದಾರೆ."

"ಮೊದಲು ಅವರನ್ನ ಆಚೆ ಕರ್ಕೊಂಡು ಬಾ. ಆಮೇಲೆ ಪ್ರಭಾ ನಂಬರ್ ಬರ್ಕೋ."

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಯಲ್ಲೂ ಊರಿನಿಂದ ಬಂದ ಹೆಸರಿಲ್ಲದ ಪುಡಿ, ಬಾಟಲಿ, ಹುಳದ ಚಾಕ್‌ಪೀಸ್ ಇರಬಹುದು. ಇಂದೇ ಹುಡುಕಿ, ಮಕ್ಕಳ ಕೈಗೆ ಸಿಗದ ಕಡೆ ಇಟ್ಟು, ಅಪಾಯದ ಕಸ ತೆಗೆದುಕೊಳ್ಳುವಲ್ಲಿಗೆ ಕೊಟ್ಟುಬಿಡಿ. ಔಷಧಿ ಕೊಳ್ಳುವುದಾದರೆ ಲೇಬಲ್ ಓದಿ, ಅಮೆರಿಕ ಸರ್ಕಾರದ ಪರಿಸರ ಸಂಸ್ಥೆಯ ಇ.ಪಿ.ಎ. ನೋಂದಣಿ ಸಂಖ್ಯೆ ಇದೆಯೇ ನೋಡಿ, ಅಡುಗೆಮನೆಯ ಡಬ್ಬಿಗೆ ಎಂದೂ ಸುರಿಯಬೇಡಿ. ಹುಳ ಹೊಡೆಯಲು ಬಂದವರ ಲೈಸೆನ್ಸ್ ಕೇಳಲು ಸಂಕೋಚ ಬೇಡ. ಮಗು ಏನಾದರೂ ಬಾಯಿಗೆ ಹಾಕಿಕೊಂಡ ಅನುಮಾನ ಬಂದರೆ ವಿಷದ ಸಹಾಯವಾಣಿ 1-800-222-1222ಗೆ ಕರೆ ಮಾಡಿ. ಹಗಲೂ ರಾತ್ರಿಯೂ ಎತ್ತುತ್ತಾರೆ. ಮಗುವಿಗೆ ಎಚ್ಚರ ತಪ್ಪಿದರೆ, ಉಸಿರಾಟ ಕಷ್ಟವಾದರೆ ನೇರವಾಗಿ ತುರ್ತು ಸೇವೆಯ 911.

ಇನ್ನು ತಿಗಣೆ ಬಂದರೆ, ಬಾಯಿಬಿಟ್ಟು ಹೇಳಿ. ನಿಮ್ಮ ಮಾತಿಗಾಗಿ ಪಕ್ಕದ ಮನೆಯವರೂ ಕಾಯುತ್ತಿರಬಹುದು.