ಪೆನ್ಸಿಲ್ ಗೆರೆಯೊಳಗಿನ ಮಾತು

"ಭಾನುವಾರ ಸಭೆಯೊಳಗ ಎದ್ದು ನಿಂತು, ಸತ್ಯಪ್ಪಣ್ಣನ್ನ ಕ್ಷಮಿಸೀನಿ ಅಂದಬಿಡವಾ. ಮನಸ್ಸು ಹಗುರ ಆಕ್ಕೈತಿ," ಎಂದರು ಪಾದ್ರಿ ಅಯ್ಯನವರು.

ಭೀಮಕ್ಕ ನೆಲ ನೋಡಿದಳು. ಎದುರಿಗೆ ಸತ್ಯಪ್ಪನೇ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಬೆಳಗಾವಿಯ ಆ ಚರ್ಚಿನ ಸಭೆಗೆ ಹಿರಿಯ. ಖಾನಾಪುರದಲ್ಲಿ ಕಟ್ಟಿಗೆ ಕೊಯ್ಯುವ ಮಿಲ್ಲಿನ ಧಣಿ. ಕೆಲಸ ಬೇಗ ಸಾಗಲೆಂದು ಗರಗಸದ ಮೇಲಿನ ಕಬ್ಬಿಣದ ಮುಚ್ಚಳ ತೆಗೆಸಿದವನು ಅವನೇ. ಭೀಮಕ್ಕನ ಗಂಡ ಬಂಡೆಪ್ಪ ಅದೇ ಗರಗಸಕ್ಕೆ ಸಿಕ್ಕು ಸತ್ತ. ಕುಡಿದು ಬಂದಿದ್ದ ಎಂದು ಸತ್ಯಪ್ಪ ಪೊಲೀಸರಿಗೆ ಬರೆಸಿದ. ದೀಕ್ಷಾಸ್ನಾನ ಆಗಿ ಕ್ರೈಸ್ತನಾದಮೇಲೆ ಬಂಡೆಪ್ಪ ಹೆಂಡದಂಗಡಿ ಕಂಡರೆ ದಾರಿ ಬದಲಿಸುತ್ತಿದ್ದ. ಅದು ಎಪ್ಪತ್ತೆಂಟರ ಮಾರ್ಚ್. ಬರುವ ಬುಧವಾರ ಖಾನಾಪುರ ಕೋರ್ಟಿನಲ್ಲಿ ಭೀಮಕ್ಕನ ಸಾಕ್ಷಿ ಇತ್ತು.

"ಕ್ಷಮಿಸಿದ ಮ್ಯಾಲ ಕೋರ್ಟು ಯಾಕ ಬೇಕು ತಂಗಿ? ರಾಜಿ ಮಾಡ್ಕೊಳ್ಳೂಣು," ಎಂದ ಸತ್ಯಪ್ಪ.

ಸಭೆಯಲ್ಲಿ ಬೈಬಲಿನ ಕೀರ್ತನೆ ಓದುವ ಪಾಳಿಯೂ ಈ ವಾರ ಅವಳದೇ. ಅಯ್ಯನವರು ಬೈಬಲಿನಲ್ಲಿ ಕೆಲವು ಸಾಲುಗಳ ಸುತ್ತ ಪೆನ್ಸಿಲಿನಿಂದ ಗೆರೆ ಎಳೆದು ಕೊಟ್ಟರು. "ಗೆರಿ ಒಳಗಿಂದು ಬಿಟ್ಟು ಓದು. ವೈರಿಗೆ ಹಾಕಿದ ಶಾಪ. ಸಭೆಯೊಳಗ ಛಂದ ಕಾಣಂಗಿಲ್ಲ." ಅಲ್ಲಿ ಯಾವಾಗಲೂ ಹಾಗೆ ಬಿಟ್ಟೇ ಓದುತ್ತಿದ್ದರು.

ಮನೆಯಲ್ಲಿ ಅತ್ತೆ ರೇಣವ್ವ ಸೆರಗಿನ ತುದಿಗೆ ಮಣ್ಣು ಕಟ್ಟಿಕೊಂಡು ಕೂತಿದ್ದಳು. ಮಗ, ಸೊಸೆ ಮತ ಬದಲಿಸಿದರೂ ಅವಳು ಬದಲಿಸಿರಲಿಲ್ಲ. ಸತ್ಯಪ್ಪನ ಬಾಗಿಲ ಮುಂದೆ ಹಿಡಿಮಣ್ಣು ತೂರಿ, ನಿನ್ನ ಮನಿ ಹಾಳಾಗಲಿ ಎಂದು ಬರುವುದು ಅವಳ ಹಟ.

"ನಿಮ್ಮ ದೇವರಿಗೆ ಬೈಗಳಾ ಕೇಳಸಂಗಿಲ್ಲೇನ?" ಎಂದು ತಡೆಯಲು ಬಂದ ಸೊಸೆಯನ್ನು ಕೇಳಿದಳು.

ಭೀಮಕ್ಕ ಗೆರೆಯೊಳಗಿನದನ್ನೇ ಓದಿದಳು. ಸುಳ್ಳು ಹೊರಿಸಿದವನ ಹೆಂಡತಿ ವಿಧವೆಯಾಗಲಿ, ಮಕ್ಕಳು ಬೇಡಿ ತಿನ್ನಲಿ, ಅವನ ಹೆಸರು ಅಳಿಯಲಿ.

ರೇಣವ್ವ ಬಾಯಿ ಬಿಟ್ಟಳು. "ಇದನ್ನ ಹೇಳಿದಾವ ನಮ್ಮ ಓಣ್ಯಾಗ ಇದ್ದನೇನ?"

"ರಾಜಾ ಇದ್ದನಂತ ಅತ್ತಿ."

"ಇಷ್ಟು ಬೈದು ಏನ ಮಾಡಿದ? ಕಡದನೇನ?"

"ಇಲ್ಲ. ನೀನ ನೋಡ್ಕೊ ಅಂತ ದೇವರ ಮ್ಯಾಲ ಹಾಕಿದ."

"ದೇವರ ಮ್ಯಾಲ ಹಾಕಿ ನೀ ಮನ್ಯಾಗ ಕುಂದರಬ್ಯಾಡ ಮತ್ತ."

ಭಾನುವಾರ ಭೀಮಕ್ಕ ಗೆರೆಯ ತನಕ ಓದಿದಳು. ನಿಲ್ಲಲಿಲ್ಲ. ಜನ ತಲೆ ಎತ್ತಿದರು. ಮುಂದಿನ ಬೆಂಚಿನಲ್ಲಿ ಸತ್ಯಪ್ಪನ ಹೆಂಡತಿಯ ತೊಡೆಯ ಮೇಲೆ ಅವನ ಪುಟ್ಟ ಮಗಳು ಪೆಪ್ಪರಮಿಂಟು ಚೀಪುತ್ತಿದ್ದಳು. 'ಮಕ್ಕಳು' ಎಂಬಲ್ಲಿ ಭೀಮಕ್ಕ ಆ ಕಡೆ ನೋಡಿದಳು. ಆ ಕೂಸು ಅವಳಿಗೇನೂ ಮಾಡಿರಲಿಲ್ಲ. ಅಪ್ಪನಿಲ್ಲದ ತನ್ನ ಮಕ್ಕಳೂ ಯಾರಿಗೂ ಏನೂ ಮಾಡಿರಲಿಲ್ಲ. ಆದರೂ ಓದಿದಳು. ಇಷ್ಟು ದಿನ ಹಲ್ಲು ಕಚ್ಚಿ ನುಂಗಿದ್ದನ್ನು ದೇವರ ಮುಖಕ್ಕೇ ಎಸೆದಂತಾಯಿತು. ಆ ಕೂಸಿಗೆ ಏನಾಗಬೇಕು, ಏನಾಗಬಾರದು ಎನ್ನುವುದು ಇನ್ನು ದೇವರಿಗೆ ಬಿಟ್ಟದ್ದು. ಕೋರ್ಟು ಮಾತ್ರ ತನ್ನ ಪಾಲಿನದು.

"ಸಾಕು, ಭೀಮಕ್ಕ," ಎಂದರು ಅಯ್ಯನವರು.

"ಇನ್ನೂ ಐತ್ರಿ, ಅಯ್ನೋರ."

ಪೂರ್ತಿ ಓದಿ ಪುಸ್ತಕ ಮುಚ್ಚಿದಳು. "ಕ್ಷಮಾ ಇನ್ನೂ ಬಂದಿಲ್ಲ. ಬಂದ ದಿನ ನಾನ ಹೇಳ್ತೀನಿ."

ಸತ್ಯಪ್ಪ ಎದ್ದು ನಿಂತ. "ಇದೇನು ಸಾಕ್ಷಿ ಹೇಳಾಕತ್ತಿಯೇನ ಇಲ್ಲಿ?"

"ಸಾಕ್ಷಿ ಬುಧವಾರ ಹೇಳ್ತೀನಿ. ಇದು ಪ್ರಾರ್ಥನಾ."

ಬುಧವಾರ ಖಾನಾಪುರದ ಬಸ್ಸು ಹತ್ತುವಾಗ ರೇಣವ್ವನ ಸೆರಗಿನಲ್ಲಿ ಆ ಮಣ್ಣಿನ ಗಂಟು ಹಾಗೇ ಇತ್ತು.

"ಇದೂ ಇರಲಿ," ಎಂದಳು ರೇಣವ್ವ.

"ಇರಲಿ," ಎಂದು ಭೀಮಕ್ಕ ಅವಳಿಗೆ ಜಾಗ ಬಿಟ್ಟಳು.