ಉದ್ಘಾಟನೆಗೆ ಮುಂಚೆ ತಿರುಗಿದ ರೊಟ್ಟಿ ಯಂತ್ರ

ನಾನು ಒಂದು ರೊಟ್ಟಿ ಯಂತ್ರ. ಹುಟ್ಟಿದ್ದು ಹುಬ್ಬಳ್ಳಿಯ ಒಂದು ತಗಡಿನ ಶೆಡ್ಡಿನಲ್ಲಿ. ಜೋಳದ ಹಿಟ್ಟಿನ ಉಂಡೆಯನ್ನು ನನ್ನ ಬಾಯಿಗೆ ಕೊಟ್ಟರೆ ಎರಡು ಉರುಳೆಗಳ ನಡುವೆ ಒತ್ತಿ, ಆ ಕಡೆಯಿಂದ ದುಂಡನೆಯ ತೆಳ್ಳನೆ ರೊಟ್ಟಿಯಾಗಿ ಹೊರಗೆ ಬಿಡುವುದು ನನ್ನ ಕಸುಬು. ಬೇಯಿಸುವ ಕೆಲಸ ಹಂಚಿನದು. ಅದಕ್ಕೆ ಸಲ್ಲುವ ಹೆಸರು ನನಗೆ ಬೇಡ. ನನ್ನ ಕೆಲಸದ ಹೆಸರೇ ನನಗೆ ಸಾಕಷ್ಟಿದೆ.

ನನ್ನನ್ನು ಕೊಂಡವರು ಸಂಕನಗಟ್ಟಿಯ ಪಟ್ಟಣ ಪಂಚಾಯಿತಿಯವರು. ಆ ವರ್ಷ ಊರಿನ ಸಮುದಾಯ ಭವನದ ದುರಸ್ತಿಗೆ, ಹುಡುಗಿಯರ ಹೊಲಿಗೆ ತರಬೇತಿಗೆ, ಸಣ್ಣ ಉದ್ಯೋಗಕ್ಕೆ ಎಂದು ಅನುದಾನ ಬಂದಿತ್ತು. ಸದಸ್ಯರೊಬ್ಬರು ಉದ್ಯೋಗದ ಪಾಲಿನಲ್ಲಿ ಸ್ವಾಗತ ಕಮಾನು ಕಟ್ಟೋಣ ಎಂದು ಪಟ್ಟು ಹಿಡಿದರಂತೆ. ಆದರೆ ನೀಲವ್ವ ಕಡಕೋಳ ಅರ್ಜಿ ಹಿಡಿದು ಸಭೆಯ ಬಾಗಿಲಲ್ಲೇ ಕೂತಿದ್ದಳು. ಕಮಾನು ಸೋತಿತು, ನಾನು ಗೆದ್ದೆ.

ನೀಲವ್ವ ಆರು ಜನ ಹೆಂಗಸರ ಸಂಘದ ಹಿರಿಯಳು. ಸಂಘದವರು ಊರಿನ ಹಾಸ್ಟೆಲಿಗೂ ಎರಡು ಖಾನಾವಳಿಗೂ ರೊಟ್ಟಿ ಕೊಡುತ್ತಿದ್ದರು. ಮೂವತ್ತು ವರ್ಷ ರೊಟ್ಟಿ ಬಡಿದೂ ಬಡಿದೂ ಆಕೆಯ ಬಲ ಹೆಗಲು ಹಿಡಿದುಕೊಂಡಿತ್ತು. ಇನ್ನು ಬಡಿದರೆ ಈ ಕೈ ಮೇಲೇಳುವುದಿಲ್ಲ ಎಂದು ಡಾಕ್ಟರು ಕಡ್ಡಿ ಮುರಿದ ಹಾಗೆ ಹೇಳಿದ್ದರು. ಆಕೆ ಬಿಟ್ಟರೆ ಸಂಘ ನಿಲ್ಲುವುದಿಲ್ಲ. ಬಿಡದಿದ್ದರೆ ಕೈ ಉಳಿಯುವುದಿಲ್ಲ. ಅವೆರಡೂ ಉಳಿಯಬೇಕಾದರೆ ನಾನು ತಿರುಗಬೇಕಿತ್ತು.

ಜನವರಿಯಲ್ಲೇ ನಾನು ಸಮುದಾಯ ಭವನದ ಹಿಂದಿನ ಕೋಣೆಗೆ ಬಂದೆ. ಆದರೆ ಶಾಸಕರು ಉದ್ಘಾಟಿಸುವ ತನಕ ಯಾರೂ ನನ್ನನ್ನು ಮುಟ್ಟುವ ಹಾಗಿರಲಿಲ್ಲ. ನನ್ನ ಮೈಮೇಲೆ ಕೆಂಪು ಬಣ್ಣದಲ್ಲಿ ಶಾಸಕರು, ಅಧ್ಯಕ್ಷರು, ಉಪಾಧ್ಯಕ್ಷರು, ಸದಸ್ಯರು ಎಲ್ಲರ ಹೆಸರನ್ನೂ ಬರೆಸಿದರು. ಜಾಗ ಸಾಲದೆ ಕೊನೆಯ ಇಬ್ಬರು ನನ್ನ ಹೊಟ್ಟೆಯ ಕೆಳಗೆ ಹೋದರು. ಮೂರು ಸಲ ದಿನ ಗೊತ್ತಾಯಿತು. ಮೂರು ಸಲವೂ ರಂಗೋಲಿ ಹಾಕಿ ನನಗೆ ಚೆಂಡುಹೂವಿನ ಹಾರ ತೊಡಿಸಿದರು. ಶಾಸಕರು ಬರಲಿಲ್ಲ. ನೀಲವ್ವ ದಿನಾ ಬೆಳಗ್ಗೆ ನನ್ನನ್ನು ನೋಡಿ, ಎಡಗೈಯಿಂದ ಹೆಗಲು ಒತ್ತಿಕೊಳ್ಳುತ್ತಾ ರೊಟ್ಟಿ ಬಡಿಯಲು ಹೋಗುತ್ತಿದ್ದಳು. ನನಗೆ ನಾಚಿಕೆಯಾಗುತ್ತಿತ್ತು.

ಮಾರ್ಚ್ ಮೂವತ್ತೊಂದರೊಳಗೆ ನಾನು ಕೆಲಸ ಮಾಡುತ್ತಿರುವ ಫೋಟೊ ಜಿಲ್ಲಾ ಕಚೇರಿಗೆ ಸೇರಬೇಕಿತ್ತು. ಇಲ್ಲವಾದರೆ ನನ್ನನ್ನು ಬೇರೆ ಊರಿಗೆ ಕೊಡುತ್ತಿದ್ದರು. ಅಷ್ಟರಲ್ಲಿ ಚುನಾವಣೆ ಘೋಷಣೆಯಾಯಿತು, ನೀತಿ ಸಂಹಿತೆ ಜಾರಿಗೆ ಬಂತು. ಹೆಸರುಗಳನ್ನು ಮುಚ್ಚಬೇಕೆಂದು ಪಂಚಾಯಿತಿಯ ಗುಮಾಸ್ತ ಚಂದ್ರಾಮಪ್ಪ ಗೋಣಿಚೀಲ ತಂದು, ತಲೆಯಿಂದ ಕಾಲಿನವರೆಗೆ ಸುತ್ತಿ ಹಗ್ಗ ಬಿಗಿದ.

ಮಾರ್ಚ್ ಇಪ್ಪತ್ತೊಂಬತ್ತಕ್ಕೆ ಚುನಾವಣೆಯ ತಪಾಸಣೆಗೆಂದು ಒಬ್ಬ ಮಹಿಳಾ ಅಧಿಕಾರಿ ಬಂದರು. ನೀಲವ್ವ ಅವರಿಗೆ ಅಡ್ಡ ನಿಂತಳು.

"ಮೇಡಮ್ಮಾರ, ಹೆಸರು ಮುಚ್ಚರಿ, ನಾ ಬ್ಯಾಡ ಅನ್ನಂಗಿಲ್ಲ. ಇದರ ಬಾಯಿ ಯಾಕ ಕಟ್ಟೀರಿ?"

"ಇನ್ನೂ ಉದ್ಘಾಟನೆ ಆಗಿಲ್ಲ ಯವ್ವಾ! ಹಂಗ ಮುಟ್ಟಾಕ ಬರಂಗಿಲ್ಲ," ಎಂದ ಚಂದ್ರಾಮಪ್ಪ.

ಅಧಿಕಾರಿ ಅವನತ್ತ ತಿರುಗಿದರು. "ಈಗ ಉದ್ಘಾಟನೆ ಮಾಡುವಂತಿಲ್ಲ, ಸರಿ. ಯಂತ್ರ ಓಡಿಸಬಾರದು ಅಂತ ಯಾವ ಆದೇಶದಲ್ಲಿದೆ? ತೋರಿಸಿ."

ಚಂದ್ರಾಮಪ್ಪ ಕಡತವನ್ನೆಲ್ಲ ತಿರುವಿ ಹಾಕಿದ. ಅಂಥ ಆದೇಶ ಎಲ್ಲೂ ಇರಲಿಲ್ಲ. ಮೂರು ತಿಂಗಳು ನನ್ನನ್ನು ಹಿಡಿದು ಕೂರಿಸಿದ್ದು ಬರೀ ರೂಢಿ.

ಗೋಣಿಚೀಲ ಇಳಿಯಿತು. ಹೆಸರುಗಳ ಮೇಲೆ ಮೈದಾ ಅಂಟು ಬಳಿದು ಹಳೆ ಪತ್ರಿಕೆ ಹಚ್ಚಿದರು. ನೀಲವ್ವ ಗುಂಡಿ ಒತ್ತಿದಳು, ನಾನು ತಿರುಗಿದೆ. ಆದರೆ ಮೊದಲ ರೊಟ್ಟಿ ಅಂಚೆಲ್ಲ ಬಿರಿದು ಚೂರಾಗಿ ಬಿತ್ತು. ಎರಡನೆಯದೂ ಅಷ್ಟೇ. ನನ್ನ ಜಂಬವೆಲ್ಲ ಇಳಿದುಹೋಯಿತು. ನನ್ನ ಜೊತೆ ಬಂದಿದ್ದ ಕಾಗದದಲ್ಲಿ ತಣ್ಣೀರಲ್ಲಿ ಹಿಟ್ಟು ಕಲಸಿ ಎಂದಿತ್ತು, ಹೆಂಗಸರು ಹಾಗೇ ಮಾಡಿದ್ದರು.

ನೀಲವ್ವ ಆ ಕಾಗದ ಮುದುಡಿ ಒಗೆದಳು. "ಇದನ್ನ ಬರದಾಂವ ರೊಟ್ಟಿ ತಿಂದಾನಷ್ಟ, ಬಡದಿಲ್ಲ. ಎಸರು ಇಡ್ರಿ!"

ಕುದಿಯುವ ನೀರಿಗೆ ಹಿಟ್ಟು ಸುರಿದು, ಬಿಸಿಯಿರುವಾಗಲೇ ನಾದಿ ಕೊಟ್ಟರು. ಈ ಸಲ ರೊಟ್ಟಿ ಇಡಿಯಾಗಿ, ದುಂಡಗೆ ಇಳಿಯಿತು. ಅದರ ಹಿಂದೆ ಇನ್ನೊಂದು, ಮತ್ತೊಂದು. ಫೋಟೊ ಜಿಲ್ಲಾ ಕಚೇರಿಗೆ ಅವತ್ತೇ ಹೋಯಿತು. ಆ ದಿನದಿಂದ ನೀಲವ್ವ ರೊಟ್ಟಿ ಬಡಿಯಲಿಲ್ಲ.

ಜೂನಿನಲ್ಲಿ ಹೊಸ ಶಾಸಕರು ಉದ್ಘಾಟನೆಗೆ ಬಂದೇ ಬಂದರು. ಅವರು ಗುಂಡಿ ಒತ್ತಿ ಚಾಲೂ ಮಾಡಬೇಕು, ಅದಕ್ಕೇ ನನ್ನನ್ನು ಬಂದ್ ಮಾಡಿ ಎಂದ ಚಂದ್ರಾಮಪ್ಪ.

"ಹಿಟ್ಟು ಆರತೈತ್ರಿ. ಆರಿದ್ರ ಬಿರೀತಾವ. ಹಾಸ್ಟೆಲಿನ ಹುಡುಗೂರು ಹಸಕೊಂಡು ಕುಂತಾವು," ಎಂದಳು ನೀಲವ್ವ.

ಶಾಸಕರು ನಕ್ಕು, ತಿರುಗುತ್ತಿದ್ದ ನನ್ನ ಮುಂದೆಯೇ ರಿಬ್ಬನ್ ಕತ್ತರಿಸಿದರು. ನಿಂತುಕೊಂಡೇ ಒಂದು ರೊಟ್ಟಿ ತಿಂದು, ಇನ್ನೊಂದು ಕೇಳಿದರು.

ಆಮೇಲಿನ ಹನ್ನೊಂದು ವರ್ಷ ನನಗೆ ಉಸಿರಾಡಲೂ ಬಿಡುವಿರಲಿಲ್ಲ. ಆರು ಜನರ ಸಂಘ ಇಪ್ಪತ್ತು ಜನರದಾಯಿತು. ಪಕ್ಕದ ಊರುಗಳಿಂದಲೂ ಹೆಂಗಸರು ತರಬೇತಿಗೆ ಬಂದರು. ನನ್ನ ಮುಂದೆ ಕಲಿತು ತಮ್ಮ ಅಂಗಡಿ ಇಟ್ಟವರ ಲೆಕ್ಕ ಪಂಚಾಯಿತಿಗೆ ಗೊತ್ತಿಲ್ಲ, ನನಗೆ ಗೊತ್ತು. ಉರುಳೆ ತಿರುಗಿಸುವ ಪಟ್ಟಿ ಸವೆಯಿತು, ಉರುಳೆಯೂ ತೆಳುವಾಯಿತು. ಹೋದ ತಿಂಗಳು ಪಂಚಾಯಿತಿ ಇನ್ನೂ ದೊಡ್ಡ ಯಂತ್ರ ಕೊಟ್ಟಿತು. ಹಳೆಯದನ್ನು ಮರಳಿ ಒಪ್ಪಿಸಬೇಕೆಂಬುದು ನಿಯಮ. ಈಗ ನಾನು ಕಚೇರಿಯ ಹಿತ್ತಲಲ್ಲಿ, ಕೆಟ್ಟ ಬೀದಿದೀಪಗಳ ಪಕ್ಕ, ಹರಾಜಿಗೆ ಕಾದು ಕೂತಿದ್ದೇನೆ. ದುಃಖವೇನಿಲ್ಲ. ಕಮಾನನ್ನು ಸೋಲಿಸಿ ಬಂದವನು ನಾನು, ಬಂದ ಕೆಲಸ ಮುಗಿಸಿದ್ದೇನೆ.

ಭವನದಿಂದ ನನ್ನನ್ನು ಇಲ್ಲಿಗೆ ತರಲು ಟೆಂಪೊ ಬಂದ ದಿನ ಎತ್ತಲು ಮೂವರೇ ಗಂಡಸರಿದ್ದರು. ಒಂದು ಮೂಲೆ ನೆಲಬಿಟ್ಟು ಏಳಲಿಲ್ಲ. ನೀಲವ್ವ ಸೆರಗು ಬಿಗಿದು ಬಂದಳು. "ನೀ ಸರಿಯಬೇ ಯಮ್ಮಾ, ನಿನ್ನ ಕಡೆ ಆಗಂಗಿಲ್ಲ," ಎಂದರು. ಆಕೆ ಸರಿಯಲಿಲ್ಲ. ಬಗ್ಗಿ, ಆ ಮೂಲೆಗೆ ತನ್ನ ಬಲ ಹೆಗಲು ಕೊಟ್ಟು ನನ್ನನ್ನು ಎತ್ತಿದಳು.